ಕಂತು ವಸೂಲಿ ಕೆಲಸ ಎಲ್ಲೂ ಓಡಿಹೋಗಲ್ಲ, ಓಡುವ ವಯಸ್ಸು ಓಡಿಹೋಗುತ್ತೆ

ಪಿಯುಸಿ ಪಾಸಾಗಿ, ಕೈಯಲ್ಲಿ ಬೈಕು, ಲೈಸೆನ್ಸು ಇದ್ದರೆ ಸಾಕು. ಮೈಕ್ರೋ ಫೈನಾನ್ಸ್‌ನವರು ಫೀಲ್ಡ್ ಆಫೀಸರ್ ಅಂತ ಕೆಲಸ ಕೊಡುತ್ತಾರೆ. ಹೀಗೆ ಸೇರುವವರಲ್ಲಿ ಪಿಯುಸಿಯಲ್ಲಿದ್ದಾಗ 800 ಮೀಟರ್ ಓಡಿ ಜಿಲ್ಲಾ ಮಟ್ಟಕ್ಕೆ ಹೋಗಿ ಬಂದವರಿದ್ದಾರೆ, ಕಬಡ್ಡಿಯಲ್ಲಿ ಒಳ್ಳೆ ರೈಡರ್ ಅನ್ನಿಸಿಕೊಂಡವರಿದ್ದಾರೆ. ಡಿಗ್ರಿಗೆ ಸೇರಿ ಯೂನಿವರ್ಸಿಟಿ ತಂಡಕ್ಕೆ ಆಡಬೇಕು ಅನ್ನೋ ಆಸೆ ಅವರಿಗೂ ಇರುತ್ತೆ. ಆದರೆ ಮನೆಯಲ್ಲೂ ಅರಳಿಕಟ್ಟೆಯಲ್ಲೂ ಒಂದೇ ಮಾತು: "ಆಟ ಅನ್ನ ಹಾಕುತ್ತಾ? ತಿಂಗಳಾದ್ರೆ ಸಂಬಳ ಬರುತ್ತೆ, ಸುಮ್ನೆ ಸೇರ್ಕೊ."

ಈ ಮಾತು ತಪ್ಪು. ಆಟ ದೊಡ್ಡದು, ದುಡ್ಡು ಸಣ್ಣದು ಅಂತ ಉಪದೇಶ ಮಾಡಲು ನಾವು ಬಂದಿಲ್ಲ. ದುಡ್ಡಿನ ಲೆಕ್ಕ ಹಾಕಿದರೂ ಇದು ತಪ್ಪೇ.

ಮೊದಲು ವಯಸ್ಸಿನ ಲೆಕ್ಕ ನೋಡಿ. ಬ್ಯಾಂಕ್ ಕ್ಲರ್ಕ್ ಹುದ್ದೆಯ ಐಬಿಪಿಎಸ್ ಪರೀಕ್ಷೆ ಬರೆಯಲು 20ರಿಂದ 28 ವರ್ಷ, ಆಫೀಸರ್ ಹುದ್ದೆಗೆ 20ರಿಂದ 30 ವರ್ಷ. ಮೀಸಲಾತಿ ಇರುವವರಿಗೆ ಇನ್ನೂ ಸಡಿಲಿಕೆ ಇದೆ. ಎರಡಕ್ಕೂ ಡಿಗ್ರಿ ಬೇಕೇ ಬೇಕು. ಅಂದರೆ ಹಣಕಾಸಿನ ಒಳ್ಳೆ ಕೆಲಸದ ಬಾಗಿಲು ಡಿಗ್ರಿ ಮುಗಿದ ಮೇಲೂ ವರ್ಷಗಟ್ಟಲೆ ತೆರೆದಿರುತ್ತೆ. ಕಾಲೇಜು ಆಟ ಹಾಗಲ್ಲ. ಅಂತರ ವಿಶ್ವವಿದ್ಯಾಲಯ ಕೂಟಕ್ಕೆ ಹೋಗಬೇಕಾದರೆ ರೆಗ್ಯುಲರ್ ವಿದ್ಯಾರ್ಥಿಯಾಗಿರಬೇಕು, 25ರ ವಯಸ್ಸಿನ ಮಿತಿಯೂ ಇದೆ. ರೈಲ್ವೆಯ ಕ್ರೀಡಾ ಕೋಟಾಕ್ಕೂ 18ರಿಂದ 25. ಅಲ್ಲಿ ಯಾರಿಗೂ ಸಡಿಲಿಕೆ ಇಲ್ಲ.

ಒಂದು ಬಾಗಿಲು ಬೇಗ ಮುಚ್ಚುತ್ತೆ, ಇನ್ನೊಂದು ನಿಧಾನಕ್ಕೆ. ಬುದ್ಧಿವಂತರು ಮೊದಲು ಯಾವುದರೊಳಗೆ ಹೋಗಬೇಕು? ಮಳೆ ಬಂದಾಗ ಬಿತ್ತನೆ ಬಿಟ್ಟು ಸಂತೆಗೆ ಹೋಗುವ ರೈತ ಇದ್ದಾನಾ?

"ಸರ್ಟಿಫಿಕೇಟ್ ಇಟ್ಕೊಂಡು ಏನ್ ಮಾಡ್ತೀಯ" ಅಂತ ಕೇಳುವವರಿಗೆ ಉತ್ತರ ಇದೆ. ಕೇಂದ್ರ ಸರ್ಕಾರದ ಕ್ರೀಡಾ ಕೋಟಾ ನಿಯಮದಲ್ಲಿ, ಅಂತರ ವಿಶ್ವವಿದ್ಯಾಲಯ ಕೂಟದಲ್ಲಿ ತಮ್ಮ ಯೂನಿವರ್ಸಿಟಿಯನ್ನು ಪ್ರತಿನಿಧಿಸಿದವರೂ ಅರ್ಹರ ಪಟ್ಟಿಯಲ್ಲಿದ್ದಾರೆ. ಕೆಲಸ ಖಂಡಿತ ಸಿಗುತ್ತೆ ಅಂತ ಅಲ್ಲ, ಅರ್ಜಿ ಹಾಕುವ ದಾರಿ ಸಿಗುತ್ತೆ. ಕಾಲೇಜು ಬಿಟ್ಟವರಿಗೆ ಆ ದಾರಿಯೇ ಇಲ್ಲ. ಕೋಟಾ ಸಿಗದಿದ್ದರೂ ಓಡಿದ ಕಾಲು ವ್ಯರ್ಥ ಆಗಲ್ಲ. ನಮ್ಮ ರಾಜ್ಯದ ಪೊಲೀಸ್ ಕಾನ್‌ಸ್ಟೆಬಲ್ ಆಯ್ಕೆಯಲ್ಲಿ ಗಂಡುಮಕ್ಕಳು 1,600 ಮೀಟರನ್ನು ಆರೂವರೆ ನಿಮಿಷದಲ್ಲಿ ಓಡಬೇಕು. ದಿನಾ ಬೈಕಿನ ಮೇಲೆ ಕೂತು ನಾಲ್ಕು ವರ್ಷ ಕಳೆದವನಿಗೆ ಅದು ಬೆಟ್ಟ ಹತ್ತಿದಂತೆ.

ಈಗ ಆ "ಸುಮ್ನೆ ಸೇರ್ಕೊ" ಕೆಲಸದ ಕಡೆ ಬನ್ನಿ. ಬೆಳಕು ಹರಿಯುವಾಗಲೇ ಹಳ್ಳಿ ಹಳ್ಳಿಗೆ ಹೋಗಿ ಸಂಘದ ಮೀಟಿಂಗ್ ಮಾಡಬೇಕು, ಹೆಂಗಸರಿಂದ ಕಂತು ಎತ್ತಬೇಕು. ಮಧ್ಯಾಹ್ನ ಹೊಸ ಸಾಲದ ಅರ್ಜಿ. ಸಂಜೆ ಬಾಕಿದಾರರ ಮನೆ ಬಾಗಿಲು. ಟಾರ್ಗೆಟ್ ಮುಟ್ಟದಿದ್ದರೆ ಮೇಲಿನವರ ಫೋನು. ಬಾಗಿಲಲ್ಲಿ ನಿಂತವನು ಯಾರು? ನಮ್ಮದೇ ಅಕ್ಕಪಕ್ಕದ ಊರಿನ 19 ವರ್ಷದ ಹುಡುಗ. ಬಾಕಿ ಉಳಿಸಿಕೊಂಡವಳು ಯಾರು? ಅವನ ಅತ್ತೆಯೋ ಚಿಕ್ಕಮ್ಮನೋ ಆಗಬೇಕಾದವಳು.

ಸಾಲ ವಸೂಲಿ ಕಿರುಕುಳ ಮಿತಿ ಮೀರಿ, 2025ರ ಫೆಬ್ರುವರಿಯಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಬಲವಂತದ ವಸೂಲಿಗೆ 10 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಇಂಥ ಕಾನೂನು ಬೇಕಿತ್ತು. ಆದರೆ ಯೋಚಿಸಿ: ಗಲಾಟೆಯಾದರೆ ಊರವರು ಮೊದಲು ಹಿಡಿಯುವುದು ಎ.ಸಿ. ಕೋಣೆಯಲ್ಲಿ ಟಾರ್ಗೆಟ್ ಬರೆದವನನ್ನಲ್ಲ, ಬಾಗಿಲಿಗೆ ಬಂದ ಹುಡುಗನನ್ನು. ಬ್ಯಾಂಕ್ ಪರೀಕ್ಷೆಗೂ ಪೊಲೀಸ್ ಆಯ್ಕೆಗೂ ಹೋಗಬೇಕಾದವನ ಹೆಸರಲ್ಲಿ ಒಂದು ಕೇಸ್ ಬಿದ್ದರೆ ಏನಾಗುತ್ತೆ?

ಫೈನಾನ್ಸ್ ಕೆಲಸವೇ ಕೆಟ್ಟದ್ದು ಅಂತಿಲ್ಲ. ಮನೆಯಲ್ಲಿ ಅಪ್ಪ ಹಾಸಿಗೆ ಹಿಡಿದಿದ್ದರೆ, ತಂಗಿಯ ಓದು ನಿಂತುಹೋಗುವಂತಿದ್ದರೆ, ಕೆಲಸಕ್ಕೆ ಸೇರಿದವನನ್ನು ದೂರುವ ಹಕ್ಕು ಯಾರಿಗೂ ಇಲ್ಲ. ನಮ್ಮ ತಕರಾರು ಅಂಥ ಕಷ್ಟ ಇಲ್ಲದಿದ್ದರೂ ಮಕ್ಕಳ ಕಾಲಿಗೆ ಹಗ್ಗ ಹಾಕುವವರ ಜೊತೆ. ಮಗನಿಗೆ ಬೈಕ್ ಕೊಡಿಸಲು ಸಾಲ ಮಾಡುತ್ತಾರೆ, ಸ್ಪೈಕ್ಸ್ ಶೂ ಕೇಳಿದರೆ ದುಡ್ಡಿಲ್ಲ ಅನ್ನುತ್ತಾರೆ.

ಒಂದು ಕಾಲದಲ್ಲಿ ಆಟವೇ ಬ್ಯಾಂಕಿನ ಕೆಲಸಕ್ಕೆ ದಾರಿಯಾಗಿತ್ತು. ವಿಜಯಾ ಬ್ಯಾಂಕಿಗೆ ತನ್ನದೇ ಕಬಡ್ಡಿ, ಬ್ಯಾಸ್ಕೆಟ್‌ಬಾಲ್ ತಂಡಗಳಿದ್ದವು. 2019ರಲ್ಲಿ ಆ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾಯಿತು. ಅದಕ್ಕೆ ಎರಡು ವರ್ಷ ಮೊದಲೇ ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಎಸ್‌ಬಿಐ ಸೇರಿತ್ತು. ನಮ್ಮ ನೆಲದ ಬ್ಯಾಂಕುಗಳು ಒಂದೊಂದಾಗಿ ಮರೆಯಾದಾಗ ನಾವು ಹೆಸರಿನ ಬಗ್ಗೆ ಮಾತಾಡಿದೆವು, ಆಟಗಾರರ ಬಗ್ಗೆ ಯಾರೂ ಬಾಯಿ ಬಿಡಲಿಲ್ಲ.

ಹಾಗಾದರೆ ಏನು ಮಾಡಬೇಕು?

ಡಿಗ್ರಿಗೆ ಸೇರಿ. ಬಿ.ಕಾಂ. ಆದರೂ ಸರಿ, ಮೂರು ವರ್ಷ ಆಟ, ಓದು ಎರಡನ್ನೂ ಹಿಡಿಯಿರಿ. ಪ್ರತಿ ಕೂಟದ ಸರ್ಟಿಫಿಕೇಟ್ ಜೋಪಾನ ಮಾಡಿ. ಎರಡನೇ ವರ್ಷದ ಕೊನೆಗೂ ಯೂನಿವರ್ಸಿಟಿ ತಂಡದ ಹತ್ತಿರ ಬಂದಿಲ್ಲ ಅಂದರೆ ಬ್ಯಾಂಕ್ ಪರೀಕ್ಷೆಯ ಪುಸ್ತಕಕ್ಕೆ ಹೆಚ್ಚು ಹೊತ್ತು ಕೊಡಿ, ನಷ್ಟವಿಲ್ಲ. ಕೆಲಸಕ್ಕೆ ಸೇರಲೇಬೇಕಾದರೆ ಮೂಲ ಅಂಕಪಟ್ಟಿಯನ್ನು ಯಾರ ಕೈಗೂ ಒಪ್ಪಿಸಬೇಡಿ.

ಕಾಲೇಜಿನವರನ್ನೂ ಬಿಡಬೇಡಿ. ಫೀ ರಸೀದಿ ತೆಗೆದು ನೋಡಿ, ಕ್ರೀಡಾ ಶುಲ್ಕ ಅಂತ ಬರೆದಿದ್ದರೆ ಅದು ಎಲ್ಲಿ ಖರ್ಚಾಯಿತು ಅಂತ ಪ್ರಾಂಶುಪಾಲರನ್ನು ಕೇಳಿ. ಕೂಟಕ್ಕೆ ಹೋಗುವ ಬಸ್ ಚಾರ್ಜು, ಊಟದ ದುಡ್ಡು ಯಾರು ಕೊಡುತ್ತಾರೆ ಅಂತಲೂ ಕೇಳಿ. ಅಪ್ಪ ಅಮ್ಮ ಜೊತೆಗೆ ಹೋಗಿ ಕೇಳಿದರೆ ಇನ್ನೂ ಒಳ್ಳೆಯದು.

"ಆಟ ಅನ್ನ ಹಾಕುತ್ತಾ" ಅಂತ ಕೇಳುವ ಹಿರಿಯರೇ, ಮೂರು ವರ್ಷ ನೀವೇ ಅನ್ನ ಹಾಕಿ. ಸಾಲದ ಕಂತು ಎತ್ತುವ ಕೆಲಸ ಅಷ್ಟರಲ್ಲಿ ಊರು ಬಿಟ್ಟು ಹೋಗಲ್ಲ. ಅದರ ಬಗ್ಗೆ ಯಾರಿಗೂ ಚಿಂತೆ ಬೇಡ.