ನಾಲ್ಕನೆಯ ಸೀಟು

ನಮ್ಮ ಬೋರಿವಲಿಯ ಮನೆಯ ಮೇಲಿನ ಮಾಳಿಗೆಯ ಕಾಕು ಬೆಂಗಳೂರಿನಿಂದ ತಿರುಗಿ ಬಂದಿದ್ದಾರೆ. ಮಗನ ಹತ್ತಿರ ಇನ್ನು ಕಾಯಮಾಗಿ ಇರಲೆಂದು ಹೋದವರು ಎರಡೇ ತಿಂಗಳಿಗೆ ಬಂದರೆಂದ ಮೇಲೆ ಬಿಲ್ಡಿಂಗಿನಲ್ಲಿ ಮಾತು ಹುಟ್ಟದೆ ಇದ್ದೀತೇ? ಸೊಸೆಯೊಡನೆ ಏನೋ ಆಗಿರಬೇಕೆಂದು ತೀರ್ಮಾನಿಸಿದವರಲ್ಲಿ, ವಾಚಕರೇ, ಸುಳ್ಳೇಕೆ ಹೇಳಲಿ, ಈ ಗುಮಾಸ್ತನೂ ಒಬ್ಬ.

ಮೊನ್ನೆ ರವಿವಾರ ಚಹಕ್ಕೆ ಕರೆದರು. "ಸೊಸಿ ಬಂಗಾರದಂಥಾಕಿ" ಎಂದು ತಾವಾಗಿಯೇ ಹೇಳಿದರು. "ಆದ್ರ ಅಲ್ಲಿ ನಾ ಅವ್ವ, ಅತ್ತಿ, ಅಜ್ಜಿ. ಹೆಸರ ಹಿಡದು ಕರಿಯಾವ್ರು ಒಬ್ಬರೂ ಇಲ್ಲ ನೋಡಪಾ."

ಹೆಸರು ಹಿಡಿದು ಕರೆಯುವವರು ಇದ್ದದ್ದು ಗಾಡಿಯಲ್ಲಿ. ಚರ್ಚ್‌ಗೇಟ್ ಬೋರಿವಲಿಗಳ ನಡುವೆ ಹೆಂಗಸರಿಗೆಂದೇ ಇಡೀ ಲೋಕಲ್ ಗಾಡಿ ಓಡತೊಡಗಿದ್ದು 1992ರಲ್ಲಿ. ಧಾರವಾಡದಿಂದ ಲಗ್ನವಾಗಿ ಬಂದ ಕಾಕು ಕೆಲವು ವರ್ಷಗಳ ಮೇಲೆ ನೌಕರಿ ಹಿಡಿದು ಆ ಗಾಡಿ ಹತ್ತಿದರು. ಮೂವರ ಸೀಟಿನಲ್ಲಿ ತುಸು ಸರಿದು ನಾಲ್ಕನೆಯವರಿಗೆ ಜಾಗ ಕೊಡುವುದು ಮುಂಬಯಿಯ ಪದ್ಧತಿ. ಹಾಗೆ ಸರಿದು ಕೊಟ್ಟಾಕೆ ಒಬ್ಬ ಗುಜರಾತಿ ಹೆಂಗಸು. ಮುಂದೆ ಇಪ್ಪತ್ತೆರಡು ವರ್ಷ ಜೊತೆಗೆ ಮೆಂತ್ಯದ ಸೊಪ್ಪು ಸೋಸಿದ್ದು, ದಸರೆಗೆ ಡಬ್ಬಿಗೆ ಹೂಮಾಲೆ ಕಟ್ಟಿದ್ದು, ಕಾಕಾ ತೀರಿಕೊಂಡಾಗ ದಿನಾಲು ಒಬ್ಬೊಬ್ಬರಾಗಿ ಅಡಿಗೆ ತಂದದ್ದು, ಎಲ್ಲ ಆ ಬೆಂಚಿನವರೇ. ಬಂಧುಗಳು ಹದಿಮೂರನೆಯ ದಿನಕ್ಕೆ ಬಂದು ಹದಿನಾಲ್ಕಕ್ಕೆ ಹೊರಟರು. ಅವರ ತಪ್ಪೆನ್ನಲಾರೆ, ನಾವೂ ರಜೆ ಎಣಿಸಿಕೊಂಡೇ ಊರಿಗೆ ಹೋಗುವವರು.

"ಆ ಗೆಳತಿ ಈಗ?" ಎಂದೆ.

"ರಿಟಾಯರ್ ಆಗಿ ಸೂರತ್ತಿಗೆ ಹೋದ್ಲು. ಉಳದಾವ್ರೂ ಚದುರಿದ್ರು. ನಾನೂ ನೌಕರಿ ಬಿಟ್ಟೆ."

"ಹಾಗಾದರೆ ಇಲ್ಲಿಯೂ ಯಾರೂ ಇಲ್ಲವಲ್ಲ, ಕಾಕೂ?"

ಅವರು ಕಪ್ಪು ಕೆಳಗಿಟ್ಟರು. "ಇಲ್ಲಿ ಬ್ಯಾಸರಾದ್ರ, ಒಬ್ಬಾಕಿನ ಅದೀನಿ, ಅದಕ್ಕ ಬ್ಯಾಸರ ಅಂತ ಗೊತ್ತಿರತದ. ಒಂದು ಹಾಡು ಹಚ್ಚಿಕೊಂಡು ಕೂಡತೀನಿ, ಹೋಗತದ. ಅಲ್ಲಿ ಮನಿ ತುಂಬ ಮಂದಿ ಇದ್ದಾಗ ಬ್ಯಾಸರಾದ್ರ ಯಾರ ಮುಂದ ಹೇಳ್ಲಿ? ಅವರಿಗೆ ಕೆಟ್ಟ ಅನಸೂದಿಲ್ಲೇನು?" ಬರುವ ತಿಂಗಳು ಸೂರತ್ತಿಗೆ ಎರಡು ದಿನ ಹೋಗಿಬರುತ್ತಾರಂತೆ. ಟಿಕೀಟು ತೆಗೆಸಿಕೊಡುವ ಕೆಲಸ ನನ್ನ ಪಾಲಿಗೆ ಬಂತು.

ಗದಗಿನಲ್ಲಿರುವ ನನ್ನ ಅವ್ವನಿಗೂ ಎರಡು ವರ್ಷದಿಂದ "ಮನಿಗೆ ಕೀಲಿ ಹಾಕಿ ಬಂದುಬಿಡು" ಎಂದು ವಾರವಾರ ಹೇಳುತ್ತಿದ್ದೇನೆ. ಆಕೆ "ಶ್ರಾವಣ ಮುಗೀಲಿ", "ದೀಪಾವಳಿ ಆಗಲಿ" ಎನ್ನುತ್ತಾಳೆ. ಅಂದು ರಾತ್ರಿ ಫೋನು ಮಾಡಿದಾಗ ಯಾವಾಗ ಬರುತ್ತಿ ಎಂದು ಕೇಳಲಿಲ್ಲ. ಸಂಜೆ ಕಟ್ಟೆಯ ಮೇಲೆ ಯಾರಾರು ಬಂದು ಕೂಡುತ್ತಾರೆಂದು ಕೇಳಿದೆ. ಅವ್ವ ಅರ್ಧ ತಾಸು ಮಾತಾಡಿದಳು.