ಕೊನೆಯ ಬೆಂಚಿನ ಸೇವೆ

ದೀಪವು ಚೆನ್ನಾಗಿ ಉರಿಯುತ್ತಿರುವ ತನಕ ಅದಕ್ಕೆ ಎಣ್ಣೆಯೆರೆದವರು ಯಾರೆಂದು ಮನೆಯಲ್ಲಿ ಯಾರೂ ವಿಚಾರಿಸುವುದಿಲ್ಲ. ಅದು ಆರಿದೊಡನೆ ಮಾತ್ರ ಎಲ್ಲರೂ ಒಮ್ಮೆಗೇ ಅವರನ್ನು ನೆನೆಯುತ್ತಾರೆ. ಲೋಕದಲ್ಲಿ ಇಂತಹ ಸೇವೆಗಳು ಹಲವುಂಟು. ಅವುಗಳಲ್ಲಿ ಒಂದನ್ನು ಕುರಿತು ಈ ತಿಂಗಳು ವಾಚಕರೊಡನೆ ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇವೆ. ಕ್ರೈಸ್ತ ದೇವಾಲಯಗಳಲ್ಲಿ ಭಾನುವಾರದ ಆರಾಧನೆಯ ಹೊತ್ತಿಗೆ, ಜನರೆಲ್ಲರ ಬೆನ್ನ ಹಿಂದೆ, ಕೊನೆಯ ಬೆಂಚಿನ ಬಳಿ ಒಂದು ಮೇಜನ್ನಿಟ್ಟುಕೊಂಡು, ಧ್ವನಿಯಂತ್ರವನ್ನೂ ಕ್ಯಾಮೆರಾವನ್ನೂ ನಡೆಯಿಸುವ ಸ್ವಯಂಸೇವಕರ ವಿಷಯವೇ ಅದು. ಇವರಿಗೆ ಸಂಬಳವಿಲ್ಲ. ವಾರದ ಆರು ದಿನ ಕಚೇರಿಯಲ್ಲಿಯೋ ಶಾಲೆಯಲ್ಲಿಯೋ ಅಂಗಡಿಯಲ್ಲಿಯೋ ದುಡಿದು, ಏಳನೆಯ ದಿನ ಮಿಕ್ಕವರಿಗಿಂತ ಒಂದು ಗಂಟೆ ಮೊದಲು ಬಂದು, ಮಿಕ್ಕವರೆಲ್ಲ ಹೋದ ಮೇಲೆ ತಂತಿ ಸುತ್ತಿಟ್ಟು ಮನೆಗೆ ಹೋಗುವವರು.

ಈ ಸೇವೆಯು ನೂರು ವರ್ಷಗಳಿಗಿಂತ ಹಳೆಯದು. 1921ನೆಯ ಜನವರಿ 2ರಂದು ಅಮೆರಿಕದ ಪಿಟ್ಸ್‌ಬರ್ಗ್ ನಗರದ ಕ್ಯಾಲ್ವರಿ ಎಪಿಸ್ಕೋಪಲ್ ದೇವಾಲಯದ ಆರಾಧನೆಯನ್ನು ಕೆ.ಡಿ.ಕೆ.ಎ. ಎಂಬ ರೇಡಿಯೋ ಕೇಂದ್ರವು ಪ್ರಸಾರ ಮಾಡಿತು. ರೇಡಿಯೋದಲ್ಲಿ ಕೇಳಿಬಂದ ಮೊದಲನೆಯ ದೇವಾಲಯದ ಆರಾಧನೆಯೆಂದು ಅದನ್ನು ಎಣಿಸುವುದುಂಟು. ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದ ಎಂಜಿನಿಯರುಗಳ ಓಡಾಟದಿಂದ ಜನರ ಮನಸ್ಸು ಚೆದುರಬಾರದೆಂದು ಅವರಿಗೂ ಗಾಯನಮಂಡಳಿಯವರ ನಿಲುವಂಗಿಯನ್ನೇ ತೊಡಿಸಿದ್ದರಂತೆ. ಈ ಸೇವೆಯ ಧರ್ಮವೆಲ್ಲವೂ ಆ ನಿಲುವಂಗಿಯಲ್ಲಿಯೇ ಅಡಗಿದೆಯೆನ್ನಬಹುದು: ಇದ್ದೂ ಇಲ್ಲದಂತಿರುವುದು. ಮೂರು ವರ್ಷಗಳ ತರುವಾಯ, 1924ನೆಯ ಜನವರಿ 6ರಂದು, ಲಂಡನಿನ ಸೇಂಟ್ ಮಾರ್ಟಿನ್ ಇನ್ ದ ಫೀಲ್ಡ್ಸ್ ದೇವಾಲಯದಿಂದ ಬಿ.ಬಿ.ಸಿ.ಯು ಇಂತಹುದೇ ಪ್ರಸಾರವನ್ನು ಕೈಗೊಂಡಿತು.

ಗುಂಡಿಯನ್ನು ತಿರುಗಿಸುವುದರಲ್ಲಿ ಏನು ಮಹಾ ವಿದ್ಯೆಯಿದೆಯೆಂದು ಕೆಲವರು ಕೇಳಬಹುದು. ದೊಡ್ಡ ಕಟ್ಟಡದೊಳಗೆ ಶಬ್ದದ ನಡತೆಯೇ ಬೇರೆಯೆಂಬುದನ್ನು ಅವರು ಅರಿಯರು. 1895ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾನಿಲಯದವರು, ತಮ್ಮ ಫಾಗ್ ಕಲಾಸಂಗ್ರಹಾಲಯದ ಹೊಸ ಉಪನ್ಯಾಸಮಂದಿರದಲ್ಲಿ ಮಾತು ತಿಳಿಯಲೊಲ್ಲದೆಂದು ಬೇಸತ್ತು, ವಾಲೇಸ್ ಸಬೀನ್ ಎಂಬ ತರುಣ ಅಧ್ಯಾಪಕರಿಗೆ ಅದರ ಪರಿಹಾರವನ್ನು ಹುಡುಕಲು ಹೇಳಿದರು. ಅವರು ರಾತ್ರಿಯ ನಿಶ್ಶಬ್ದದಲ್ಲಿ ಸ್ಯಾಂಡರ್ಸ್ ನಾಟಕಶಾಲೆಯ ಮೆತ್ತೆಗಳನ್ನು ತರಿಸಿ ಹಾಸುತ್ತ, ಆರ್ಗನ್ ಕೊಳವೆಯ ನಾದವು ಅಡಗಲು ಎಷ್ಟು ಹೊತ್ತು ಹಿಡಿಯುವುದೆಂದು ಪ್ರತಿ ಸಲವೂ ಅಳೆದರು. ಮೆತ್ತೆಗಳು ಹೆಚ್ಚಿದಷ್ಟೂ ಅನುರಣನವು ಕುಗ್ಗಿತು. ಬಟ್ಟೆಯುಟ್ಟು ಕುಳಿತ ಮನುಷ್ಯನೂ ಮೆತ್ತೆಯಂತೆಯೇ ಶಬ್ದವನ್ನು ಹೀರುವನೆಂಬುದು ಆ ಶೋಧನೆಗಳಿಂದ ಸ್ಪಷ್ಟವಾಯಿತು. ಆದುದರಿಂದಲೇ ಶನಿವಾರ ಸಂಜೆ ಬರಿದಾದ ದೇವಾಲಯದಲ್ಲಿ ಸರಿಪಡಿಸಿಟ್ಟ ಧ್ವನಿಯು ಭಾನುವಾರ ಜನ ತುಂಬಿದಾಗ ಬೇರೆಯಾಗಿ ಕೇಳುವುದು. ಮೇಜಿನ ಬಳಿ ಕುಳಿತವನು ಯಂತ್ರವನ್ನು ಅದರ ಪಾಡಿಗೆ ಬಿಡಲಾಗದು. ಅವನ ಕಿವಿಯು ಆರಾಧನೆಯುದ್ದಕ್ಕೂ ಎಚ್ಚರವಾಗಿರಬೇಕು.

ಎಲ್ಲರಿಗೂ ಪರಿಚಿತವಾದ ಮತ್ತೊಂದು ತೊಂದರೆಯೆಂದರೆ ಮೈಕಿನ ಕೀರಲು ಕೂಗು. ಲೌಡ್‌ಸ್ಪೀಕರಿನಿಂದ ಹೊರಟ ಶಬ್ದವು ಮತ್ತೆ ಮೈಕಿಗೇ ಸೇರಿ, ಅಲ್ಲಿಂದ ಮತ್ತೆ ಲೌಡ್‌ಸ್ಪೀಕರಿಗೆ ಬಂದು, ಹೀಗೆ ಸುತ್ತಿ ಸುತ್ತಿ ಬಲಿಯುವುದೇ ಅದರ ಕಾರಣ. ಪ್ರಸಂಗಿಯ ಬಾಯಿಗೂ ಮೈಕಿಗೂ ನಡುವಿನ ದೂರವು ಇಮ್ಮಡಿಯಾದರೆ ಮೈಕನ್ನು ಮುಟ್ಟುವ ನೇರ ಧ್ವನಿಯು ಸುಮಾರು 6 ಡೆಸಿಬೆಲ್‌ಗಳಷ್ಟು ಇಳಿಯುತ್ತದೆ. ಅದನ್ನು ತುಂಬಿಕೊಡಲು ಯಂತ್ರದ ಬಲವನ್ನು ಏರಿಸಿದರೆ ಕೂಗು ಬಾಗಿಲಲ್ಲಿಯೇ ಕಾದಿರುತ್ತದೆ. ತೆರೆದಿಟ್ಟ ಮೈಕುಗಳ ಸಂಖ್ಯೆಯು ಇಮ್ಮಡಿಯಾದ ಒಂದೊಂದು ಸಲವೂ, ಹೀಗೆ ಏರಿಸಲು ಇರುವ ಅವಕಾಶದಲ್ಲಿ ಸುಮಾರು 3 ಡೆಸಿಬೆಲ್ ನಷ್ಟವಾಗುತ್ತದೆ. ಬೇಡವಾದ ಮೈಕನ್ನು ಮುಚ್ಚುವುದೂ, ಬೇಕಾದುದನ್ನು ಬಾಯಿಯ ಸಮೀಪಕ್ಕೆ ತರುವುದೂ ಇದಕ್ಕೆ ಮೊದಲ ಮದ್ದು; ಹೊಸ ಯಂತ್ರವನ್ನು ಕೊಳ್ಳುವ ಮಾತು ಆಮೇಲಿನದು.

ದೂರದ ಬೆಂಚುಗಳಿಗೆಂದು ಹಿಂದೆ ಬೇರೆ ಲೌಡ್‌ಸ್ಪೀಕರನ್ನು ಇಡುವುದುಂಟು. ವಿದ್ಯುತ್ತು ತಂತಿಯಲ್ಲಿ ಕಣ್ಣೆವೆಯಿಕ್ಕುವುದರೊಳಗೆ ಓಡುತ್ತದೆ. ಶಬ್ದವಾದರೋ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರು ಮಾತ್ರ ಸಾಗುತ್ತದೆ. ಮುಂದಿನ ಲೌಡ್‌ಸ್ಪೀಕರಿನಿಂದ 34 ಮೀಟರು ಹಿಂದೆ ಕುಳಿತವನಿಗೆ ಹತ್ತಿರದ ಮಾತು ಮೊದಲು ಬಂದು, ಮುಂದಿನ ಮಾತು ಸೆಕೆಂಡಿನ ಹತ್ತನೆಯ ಒಂದು ಭಾಗ ತಡವಾಗಿ ಬಂದು, ಎರಡೂ ಕಲಸಿಹೋಗುತ್ತವೆ. ಆದಕಾರಣ ಹಿಂದಿನದನ್ನು ಬೇಕೆಂದೇ ಅಷ್ಟು ತಡೆದು ನುಡಿಸಬೇಕು. ಲಂಡನಿನ ಸೇಂಟ್ ಪಾಲ್ಸ್ ಮಹಾದೇವಾಲಯದಲ್ಲಿ 1950ರ ದಶಕದ ಆರಂಭದಲ್ಲಿಯೇ ಈ ಉಪಾಯವನ್ನು ಪ್ರಯೋಗಿಸಿದ್ದರು. ಈಗ ಸಾಧಾರಣ ಬೆಲೆಯ ಯಂತ್ರದಲ್ಲಿಯೂ ಆ ಅನುಕೂಲವುಂಟು.

ಇಷ್ಟೆಲ್ಲ ಶ್ರಮವು ಯಾರಿಗಾಗಿ? ಕಿವಿ ಚೆನ್ನಾಗಿರುವವನು ಹೇಗಾದರೂ ಕೇಳಿಕೊಳ್ಳುತ್ತಾನೆ. ವಯಸ್ಸಾದ ತಾಯಿಯೊಬ್ಬಳು ಐವತ್ತು ವರ್ಷ ತಪ್ಪದೆ ಬಂದ ದೇವಾಲಯದಲ್ಲಿ, ಈಗ ಮಾತಿನ ಸದ್ದು ಮಾತ್ರ ಕೇಳಿ ಅರ್ಥವು ತಿಳಿಯದೆ, ಮಿಕ್ಕವರು ಎದ್ದಾಗ ಎದ್ದು ಕುಳಿತಾಗ ಕುಳಿತು ಮನೆಗೆ ಮರಳುವಳು. ಇದು ಬಡತನಕ್ಕಿಂತಲೂ ಕಠಿಣವಾದ ಒಂಟಿತನ. ಇಂಥವರಿಗೋಸ್ಕರ ಕೆಲವು ದೇವಾಲಯಗಳಲ್ಲಿ ನೆಲದ ಸುತ್ತ ತಂತಿಯ ಬಳೆಯೊಂದನ್ನು ಹಾಸಿರುತ್ತಾರೆ. ಅದರಿಂದ ಹೊರಡುವ ಅಯಸ್ಕಾಂತಶಕ್ತಿಯನ್ನು ಕಿವಿಯ ಯಂತ್ರದೊಳಗಿನ ಸಣ್ಣ ಸುರುಳಿಯು ಹಿಡಿದು, ಮಾತನ್ನು ನೇರವಾಗಿ ಕಿವಿಗೆ ಮುಟ್ಟಿಸುತ್ತದೆ. ಆದರೆ ಮೈಕಿಗೆ ಬಾರದ ಮಾತು ಆ ಬಳೆಗೂ ಬಾರದು. “ನನ್ನ ಗಂಟಲು ದೊಡ್ಡದು, ನನಗೆ ಮೈಕು ಬೇಡ” ಎಂದು ಬಿಂಕದಿಂದ ಹೇಳುವ ಸಜ್ಜನರು ಇದನ್ನು ದಯೆಯಿಟ್ಟು ಮನಸ್ಸಿಗೆ ತಂದುಕೊಳ್ಳಬೇಕು. ಅವರ ಗಂಟಲಿನ ಬಲದಿಂದ ಆ ತಾಯಿಗೆ ಬಂದ ಭಾಗ್ಯವೇನೂ ಇಲ್ಲ.

ಚಿತ್ರದ ಕೆಲಸಕ್ಕೆ ನಿಜವಾದ ಬೆಲೆ ಬಂದುದು 2020ರಲ್ಲಿ. ಮಹಾಮಾರಿಯ ಕಾರಣದಿಂದ ಮಾರ್ಚಿ 25ರಿಂದ ದೇಶವೆಲ್ಲವೂ ಬೀಗಮುದ್ರೆಯಾಯಿತು. ಆ ವರ್ಷ ಏಪ್ರಿಲ್ 12ರ ಈಸ್ಟರ್ ಹಬ್ಬವನ್ನು ನಮ್ಮ ನಾಡಿನ ಎಷ್ಟೋ ಕುಟುಂಬಗಳು ಅಂಗೈಯಗಲದ ಫೋನಿನ ಮುಂದೆ ಕುಳಿತು ಆಚರಿಸಿದವು. ಉತ್ತರಕ್ರಿಯೆಗೆ ಇಪ್ಪತ್ತು ಜನರಿಗಿಂತ ಹೆಚ್ಚು ಸೇರಬಾರದೆಂದು ಸರಕಾರದ ಕಟ್ಟಳೆಯಿತ್ತು. ಕೊಲ್ಲಿ ದೇಶದಲ್ಲಿ ಸಿಕ್ಕಿಕೊಂಡ ಮಗನು ತಂದೆಯ ಪೆಟ್ಟಿಗೆಯ ಮೇಲೆ ಮಣ್ಣು ಬೀಳುವುದನ್ನು ನೋಡಿದುದು, ಸ್ವಯಂಸೇವಕನೊಬ್ಬನು ನಡುಗದ ಕೈಯಿಂದ ಹಿಡಿದು ನಿಂತ ಯಂತ್ರದ ಮೂಲಕವೇ. ಜೂನ್ 8ರಿಂದ ಪೂಜಾಸ್ಥಳಗಳನ್ನು ತೆರೆಯಲು ಅನುಮತಿ ದೊರಕಿದ ಮೇಲೆಯೂ ಹಲವೆಡೆ ಈ ಪ್ರಸಾರವು ನಿಲ್ಲಲಿಲ್ಲ. ಹಾಸಿಗೆ ಹಿಡಿದವರೂ, ದೂರದೇಶದಲ್ಲಿ ಕನ್ನಡದ ಕೀರ್ತನೆಗಾಗಿ ಹಂಬಲಿಸುವವರೂ ಅದನ್ನು ಇಂದಿಗೂ ಕಾಯುತ್ತಿರುತ್ತಾರೆ.

ಆದರೆ ಕ್ಯಾಮೆರಾವು ಹರಿತವಾದ ಕತ್ತಿಯಂತಹುದು. ಪ್ರಾರ್ಥನೆಯಲ್ಲಿ ಕಣ್ಣೀರಿಡುವವಳ ಮುಖವನ್ನು ದೊಡ್ಡದಾಗಿ ತೋರಿಸುವುದು ಸೇವೆಯಲ್ಲ, ಅಪಚಾರ. ಮಕ್ಕಳ ಮುಖವನ್ನು ಹೆತ್ತವರ ಒಪ್ಪಿಗೆಯಿಲ್ಲದೆ ಲೋಕಕ್ಕೆ ಕಳುಹಿಸುವುದೂ ತಪ್ಪು. ಪ್ರಸಾರಕ್ಕೆ ಬರಲಿಷ್ಟವಿಲ್ಲದವರು ಕುಳಿತುಕೊಳ್ಳಲು ಕ್ಯಾಮೆರಾದ ನೋಟಕ್ಕೆ ಬೀಳದ ಕೆಲವು ಬೆಂಚುಗಳನ್ನು ಗೊತ್ತುಮಾಡಿ ಮೊದಲೇ ತಿಳಿಸಿದರೆ ಸಂಕೋಚವು ತಪ್ಪುತ್ತದೆ. ತೆರೆಯ ಮೇಲೆ ಮೂಡುವ ಕನ್ನಡ ಅಕ್ಷರಗಳ ಕಡೆಗೂ ಗಮನವಿರಲಿ. ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಕೀರ್ತನೆಯು ಆ ಫಾಂಟಿಲ್ಲದ ಕಂಪ್ಯೂಟರಿನಲ್ಲಿ ಅರ್ಥವಿಲ್ಲದ ಗುರುತುಗಳ ರಾಶಿಯಾಗುತ್ತದೆ. ಯೂನಿಕೋಡಿನಲ್ಲಿ ಬರೆದಿಟ್ಟರೆ ಆ ಭಯವಿಲ್ಲ. ಹಾಡಿನ ಸಾಲು ಹಾಡುವವರಿಗಿಂತ ಒಂದು ಉಸಿರು ಮುಂಚೆ ಕಾಣಿಸಿಕೊಳ್ಳಬೇಕೇ ಹೊರತು ಹಿಂದೆಯಲ್ಲ.

ಇನ್ನು ಗೃಹಸ್ಥರಿಗೆ ಸಂಬಂಧಪಟ್ಟ ಮುಖ್ಯ ವಿಷಯವನ್ನು ಹೇಳುವೆವು. ಅನೇಕ ಕಡೆಗಳಲ್ಲಿ ಈ ಭಾರವೆಲ್ಲವೂ ಒಬ್ಬನ ಹೆಗಲ ಮೇಲೆಯೇ ಬಿದ್ದಿರುತ್ತದೆ. ಕೆಲಸ ಬಲ್ಲವನೆಂಬ ಒಂದೇ ಅಪರಾಧಕ್ಕಾಗಿ ಅವನು ವರ್ಷದ ಐವತ್ತೆರಡು ಭಾನುವಾರಗಳೂ ಮೇಜಿಗೆ ಕಟ್ಟುಬೀಳುತ್ತಾನೆ. ಹೆಂಡತಿ ಮಕ್ಕಳು ಮುಂದೆ ಬೇರೆಯಾಗಿ ಕುಳಿತಿರುತ್ತಾರೆ. ಪ್ರಾರ್ಥನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದಾಗಲೂ ಅವನ ಕಣ್ಣು ಯಂತ್ರದ ದೀಪಗಳ ಮೇಲಿರಬೇಕು. ಎಲ್ಲರ ಆರಾಧನೆಗೆ ಅನುಕೂಲ ಮಾಡಿಕೊಟ್ಟವನಿಗೆ ತನ್ನ ಆರಾಧನೆಯೇ ತಪ್ಪಿಹೋಗುವುದು ನ್ಯಾಯವಲ್ಲ. ಹೀಗೆ ಒಂದೆರಡು ವರ್ಷ ನಡೆದರೆ ಅವನು ಸೇವೆಯನ್ನು ಮಾತ್ರವಲ್ಲ, ಕೆಲವೊಮ್ಮೆ ದೇವಾಲಯವನ್ನೇ ಬಿಡುತ್ತಾನೆ. ಆಗ ಹಿರಿಯರು ಆಶ್ಚರ್ಯಪಡುತ್ತಾರೆ.

ಇದಕ್ಕೆ ಪರಿಹಾರವು ಕಷ್ಟದ್ದಲ್ಲ. ಸರದಿಯ ಪಟ್ಟಿಯೊಂದನ್ನು ಮಾಡಿ, ತಿಂಗಳಲ್ಲಿ ಎರಡು ವಾರಕ್ಕಿಂತ ಹೆಚ್ಚಾಗಿ ಯಾರೂ ಮೇಜಿನ ಬಳಿ ಇರದಂತೆ ನೋಡಬೇಕು. ಬಲ್ಲವನ ಪಕ್ಕದಲ್ಲಿ ಯಾವಾಗಲೂ ಕಲಿಯುವವನೊಬ್ಬನು ಕುಳಿತಿರಬೇಕು. ತಂತಿಗಳಿಗೆ ಹೆಸರು ಅಂಟಿಸಿ, ಮಾಡಬೇಕಾದ ಕೆಲಸಗಳನ್ನು ಕ್ರಮವಾಗಿ ಒಂದು ಹಾಳೆಯಲ್ಲಿ ಬರೆದು ಗೋಡೆಗೆ ತೂಗುಹಾಕಿದರೆ ವಿದ್ಯೆಯು ಒಬ್ಬನ ತಲೆಯಲ್ಲಿಯೇ ಉಳಿಯುವುದಿಲ್ಲ. ಹುಡುಗಿಯರಿಗೆ ಇದು ಸಲ್ಲದೆಂಬ ಹಳೆಯ ಎಣಿಕೆಯನ್ನು ಬಿಡಬೇಕು. ಇದಕ್ಕೆ ಬೇಕಾದುದು ಸೂಕ್ಷ್ಮವಾದ ಕಿವಿ ಮತ್ತು ತಾಳ್ಮೆಯೇ ಹೊರತು ತೋಳ್ಬಲವಲ್ಲ. ಮೈಕು ಕೂಗಿದೊಡನೆ ಕುತ್ತಿಗೆ ತಿರುಗಿಸಿ ದುರುಗುಟ್ಟಿ ನೋಡುವ ಅಭ್ಯಾಸವನ್ನೂ ನಾವು ಬಿಡಬೇಕು. ಆ ನೋಟದಿಂದ ಯಂತ್ರವು ಸರಿಹೋಗದು. ಕಲಿಯಲು ಬಂದ ಹದಿನಾರರ ಹುಡುಗನ ಕೈ ಮಾತ್ರ ನಡುಗೀತು.

ದೇವಸ್ಥಾನದ ಹರಿಕಥೆಗೂ, ಊರಿನ ಸಂಗೀತಸಭೆಗೂ, ಶಾಲೆಯ ವಾರ್ಷಿಕೋತ್ಸವಕ್ಕೂ ಇದೇ ನ್ಯಾಯವು ಸಲ್ಲುತ್ತದೆ. ಮನೆಯಲ್ಲಿ ಯಂತ್ರಗಳಲ್ಲಿ ಆಸಕ್ತಿಯಿರುವ ಮಗನೋ ಮಗಳೋ ಇದ್ದರೆ, “ನಿನ್ನ ಫೋನಿನಾಟ ಸಾಕು” ಎಂದು ಗದರಿಸುವ ಬದಲು, ಆ ಮೇಜಿನ ಬಳಿಗೆ ಒಂದು ಭಾನುವಾರ ಕಳುಹಿಸಿ ನೋಡಿ. ಆರಾಧನೆ ಮುಗಿದ ಮೇಲೆ ಮುದುಕರೊಬ್ಬರು ಹತ್ತಿರ ಬಂದು, “ಇವತ್ತು ಪ್ರಸಂಗವೆಲ್ಲ ಕೇಳಿಸಿತು, ಮಗು” ಎಂದರೆ, ಆ ಮಕ್ಕಳಿಗೆ ಅದಕ್ಕಿಂತ ದೊಡ್ಡ ಸಂಭಾವನೆ ಬೇಕಾಗಲಾರದು.