ಗೋಪುರದ ಮೇಲಿಲ್ಲದ ಹೆಸರು

ಪ್ಯಾರಿಸ್ಸಿಗೆ ಹೋಗಿಬಂದವರನ್ನು ಮಾತನಾಡಿಸಿ ನೋಡಿ. ಐಫೆಲ್ ಗೋಪುರವನ್ನು ಹತ್ತಿದೆವು, ಸೀನ್ ನದಿ ಬೆಳ್ಳಿಯ ಎಳೆಯಂತೆ ಕಂಡಿತು ಎಂದು ಹೇಳದವರಿಲ್ಲ. ಆದರೆ ಗೋಪುರದ ಮೈಮೇಲಿನ ಬರಹವನ್ನು ಓದಿಬಂದವರು ಅಪರೂಪ. ಮೊದಲನೆಯ ಅಂತಸ್ತಿನ ಕೆಳಗೆ, ಪಾರ್ಶ್ವವೊಂದಕ್ಕೆ 18ರಂತೆ ನಾಲ್ಕು ಪಾರ್ಶ್ವಗಳಲ್ಲಿ 72 ಹೆಸರುಗಳಿವೆ. ಅಕ್ಷರಗಳ ಎತ್ತರ ಸುಮಾರು 60 ಸೆಂಟಿಮೀಟರು. ನೆಲದ ಮೇಲೆ ನಿಂತೇ ಓದಬಹುದು.

1887ರಲ್ಲಿ ಗೋಪುರದ ತಳಪಾಯದ ಕೆಲಸ ಆರಂಭವಾದೊಡನೆ ಮೋಪಾಸಾ ಮೊದಲಾದ ಸಾಹಿತಿಗಳೂ ಕಲಾವಿದರೂ ಅದು ನಗರಕ್ಕೆ ಕಳಂಕವೆಂದು ಪತ್ರಿಕೆಯಲ್ಲಿ ಪ್ರತಿಭಟಿಸಿದರು. ಗುಸ್ತಾವ್ ಐಫೆಲ್ ಮಹಾಶಯನು 1889ರಲ್ಲಿ ಕೆಲಸ ಮುಗಿಸಿದಾಗ ಗೋಪುರದ ಮೇಲೆ ರಾಜರ ಹೆಸರನ್ನಾಗಲಿ ಕವಿಗಳ ಹೆಸರನ್ನಾಗಲಿ ಬರೆಸಲಿಲ್ಲ. ಫ್ರಾನ್ಸಿನ ವಿಜ್ಞಾನಿಗಳ, ಎಂಜಿನಿಯರುಗಳ ಹೆಸರನ್ನು ಬರೆಸಿದನು. ಲಗ್ರಾಂಜ್, ಲಪ್ಲಾಸ್, ಆಂಪೇರ್, ಲವಾಸಿಯೇ ಎಲ್ಲರೂ ಅಲ್ಲಿದ್ದಾರೆ. (1794ರಲ್ಲಿ ಲವಾಸಿಯೇಯ ತಲೆಯನ್ನು ಕಡಿಸಿದ್ದೂ ಇದೇ ಪ್ಯಾರಿಸ್ಸೇ!)

ಆ 72ರಲ್ಲಿ ಹೆಂಗಸರ ಹೆಸರು ಒಂದೂ ಇಲ್ಲ. ಇರಬೇಕಾಗಿದ್ದ ಒಂದು ಹೆಸರನ್ನಾದರೂ ವಾಚಕರಿಗೆ ಹೇಳಬೇಕು: ಸೋಫೀ ಜರ್ಮೇನ್.

ಆಕೆ ಹುಟ್ಟಿದ್ದು 1776ರಲ್ಲಿ, ಪ್ಯಾರಿಸ್ಸಿನ ಅನುಕೂಲಸ್ಥ ವರ್ತಕರ ಮನೆಯಲ್ಲಿ. ಹದಿಮೂರರ ವಯಸ್ಸಿನಲ್ಲಿ ಮಹಾಕ್ರಾಂತಿ ಭುಗಿಲೆದ್ದಿತು. ಹೊರಗೆ ಕಾಲಿಡುವಂತಿಲ್ಲದ ಆ ದಿನಗಳಲ್ಲಿ ತಂದೆಯ ಪುಸ್ತಕಗಳ ನಡುವೆ ಕುಳಿತ ಹುಡುಗಿಗೆ ಗಣಿತದ ಹುಚ್ಚು ಹಿಡಿಯಿತು. ರಾತ್ರಿ ಎದ್ದು ಓದಬಾರದೆಂದು ಹೆತ್ತವರು ದೀಪವನ್ನೂ ಬೆಚ್ಚನೆಯ ಬಟ್ಟೆಗಳನ್ನೂ ತೆಗೆದಿಟ್ಟರಂತೆ. ಆಕೆ ಬಚ್ಚಿಟ್ಟ ಮೇಣದ ಬತ್ತಿ ಹಚ್ಚಿ, ಹೊದಿಕೆ ಸುತ್ತಿಕೊಂಡು ಓದಿದಳು. 1794ರಲ್ಲಿ ಸ್ಥಾಪಿತವಾದ ಪಾಲಿಟೆಕ್ನಿಕ್ ವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಲಗ್ರಾಂಜನ ಪಾಠದ ಟಿಪ್ಪಣಿಗಳನ್ನು ತರಿಸಿಕೊಂಡು, 'ಲ ಬ್ಲಾಂ' ಎಂಬ ಗಂಡಸಿನ ಹೆಸರಿನಲ್ಲಿ ಉತ್ತರ ಬರೆದು ಕಳುಹಿಸಿದಳು. ನಿಜ ತಿಳಿದಾಗ ಲಗ್ರಾಂಜ್ ಕೋಪಿಸಿಕೊಳ್ಳಲಿಲ್ಲ, ಮೆಚ್ಚಿ ಪ್ರೋತ್ಸಾಹಿಸಿದನು. ಅಧ್ಯಾಪಕ ವೃತ್ತಿಯವನಾದ ನನಗೆ ಈ ಸಂಗತಿ ಬಹಳ ಪ್ರಿಯ.

ಜರ್ಮನಿಯ ಗೌಸ್‌ಗೂ ಆಕೆ ಅದೇ ಹೆಸರಿನಲ್ಲಿ ಪತ್ರ ಬರೆಯುತ್ತಿದ್ದಳು. 1806ರಲ್ಲಿ ನೆಪೋಲಿಯನ್ನನ ಸೈನ್ಯ ಆತನ ಊರನ್ನು ಆಕ್ರಮಿಸಿದಾಗ, ರೋಮನ್ ಸೈನಿಕನ ಕೈಯಲ್ಲಿ ಮಡಿದ ಆರ್ಕಿಮಿಡೀಸನ ಗತಿ ಈತನಿಗೂ ಆದೀತೆಂದು ಹೆದರಿ, ಪರಿಚಯದ ಸೇನಾಪತಿಗೆ ಹೇಳಿಸಿ ರಕ್ಷಣೆ ಕೊಡಿಸಿದಳು. ತನ್ನನ್ನು ಕಾಪಾಡಿದ ಸೋಫೀ ಎಂಬಾಕೆ ಯಾರೆಂದು ಗೌಸ್‌ಗೆ ಅರ್ಥವಾಗಲೇ ಇಲ್ಲ! ಕಡೆಗೆ ಆಕೆಯೇ ಗುಟ್ಟನ್ನು ಬಿಚ್ಚಿದಳು.

ಕಂಪಿಸುವ ತಗಡುಗಳ ಸ್ಥಿತಿಸ್ಥಾಪಕತೆಯನ್ನು ಕುರಿತ ಪ್ರಬಂಧಕ್ಕೆ 1816ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿಯ ಬಹುಮಾನ ದೊರೆಯಿತು. ಅದು ಮೂರನೆಯ ಪ್ರಯತ್ನ. ಗಣಿತದಲ್ಲಿ ಆಗಲೂ ಕೊರತೆಗಳಿದ್ದವು. ಕ್ರಮವಾದ ಶಿಕ್ಷಣವೇ ಇಲ್ಲದವಳಲ್ಲಿ ಕೊರತೆ ಇರದೆ ಇನ್ನಾರಲ್ಲಿ ಇರಬೇಕು? ಭಾರ ಬಿದ್ದಾಗ ಲೋಹ ಎಷ್ಟು ಬಾಗೀತು, ಎಲ್ಲಿ ನಿಂತೀತು ಎಂಬ ವಿಚಾರವಿಲ್ಲದೆ ಏಳು ಸಾವಿರ ಟನ್ನಿಗೂ ಮಿಕ್ಕ ಕಬ್ಬಿಣ ಆಕಾಶಕ್ಕೆ ಏರುವಂತಿರಲಿಲ್ಲ. ಅದೇ ಶಾಸ್ತ್ರದಲ್ಲಿ ದುಡಿದ ನವಿಯೇಯ ಹೆಸರು ಗೋಪುರದ ಮೇಲಿದೆ. ಫರ್ಮಾನ ಪ್ರಮೇಯದಲ್ಲಿ ಆಕೆ ಸಾಧಿಸಿದ್ದನ್ನು ಲೋಕಕ್ಕೆ ತಿಳಿಸಿದ ಲೆಜಾಂದ್ರನ ಹೆಸರೂ ಇದೆ.

ಸೋಫೀ 1831ರಲ್ಲಿ ತೀರಿಕೊಂಡಳು. ಆಕೆಯ ಸಮಾಧಿ ಪ್ಯಾರಿಸ್ಸಿನ ಪೆರ್ ಲಾಷೇಸ್ ಸ್ಮಶಾನದಲ್ಲಿದೆ. ನಗರದ ದಕ್ಷಿಣ ಭಾಗದಲ್ಲಿ ಆಕೆಯ ಹೆಸರಿನ ಸಣ್ಣ ಬೀದಿಯೊಂದಿದೆ. ಗೋಪುರವನ್ನು ನೋಡಿದ ಮೇಲೆ ಬಿಡುವಿದ್ದವರು ಅತ್ತಲೂ ಹೋಗಿಬರಬಹುದು.